ಮೂರು ದಿನದ ಮಟ್ಟಿಗೆ ಅಮ್ಮ ಸೀರಿಯಸ್

ನನ್ನ ಅಮ್ಮ ಇದುವರೆಗೆ ನಾಲ್ಕು ಸಲ ಐಸಿಯು ಸೇರಿದ್ದಾಳೆ. ನಾಲ್ಕು ಸಲವೂ ಆ ವಿಷಯ ಅವಳಿಗೆ ಗೊತ್ತಿರಲಿಲ್ಲ. ಅವಳು ಉಡುಪಿಯ ಹತ್ತಿರ ನನ್ನ ತಂಗಿಯ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದಾಳೆ. ಬೆಳಗಾಗುವುದರೊಳಗೆ ಎದ್ದು ಮಲ್ಲಿಗೆ ಮೊಗ್ಗು ಕೊಯ್ಯುತ್ತಾಳೆ, ಎಂಟು ಗಂಟೆಗೆ ಹೂವಿನವನೊಡನೆ ಜಗಳ ಮಾಡುತ್ತಾಳೆ, ಹತ್ತಕ್ಕೆ ನನಗೆ ಫೋನ್ ಮಾಡಿ ಆ ಜಗಳವನ್ನು ಇನ್ನೊಮ್ಮೆ ಆಡಿ ತೋರಿಸುತ್ತಾಳೆ. ಅವಳನ್ನು ಐಸಿಯುಗೆ ಸೇರಿಸುವವನು ನಾನು. ಕುವೈತಿನ ರಾಯ್‌ನಲ್ಲಿ, ಕಿಟಕಿಯೇ ಇಲ್ಲದ ಒಂದು ಶೋರೂಮಿನಲ್ಲಿ ಬಾತ್‌ಟಬ್, ಕಮೋಡು ಮಾರಿಕೊಂಡು ಹದಿನೆಂಟು ವರ್ಷ ಕಳೆದವನು.

ಇದನ್ನು ಸುಳ್ಳು ಎಂದು ನಾವ್ಯಾರೂ ಕರೆಯುವುದಿಲ್ಲ. ಶೋರೂಮಿನಲ್ಲಿ ಮಂಗಳೂರು ಕಡೆಯವರು, ಕೇರಳದವರು, ಹೈದರಾಬಾದಿನವರು ಎಲ್ಲ ಸೇರಿ ಮೂವತ್ತು ಜನರಿದ್ದೇವೆ. ವರ್ಷದ ರಜೆ ಬಿಟ್ಟು ನಡುವೆ ಊರಿಗೆ ಹೋಗಬೇಕೆಂದರೆ ಗೃಹಪ್ರವೇಶ, ಜಾಗದ ಸರ್ವೆ, ತಂಗಿಯ ಮದುವೆಯ ಮಾತುಕತೆ ಇದ್ಯಾವುದೂ ನಡೆಯುವುದಿಲ್ಲ. 'ಮದರ್ ಸೀರಿಯಸ್' ಎಂದರೆ ಮಾತ್ರ ನಡೆಯುತ್ತದೆ. ಯಾರೋ ಹಿರಿಯರು ಶುರು ಮಾಡಿದ್ದು, ಈಗ ಪದ್ಧತಿಯೇ ಆಗಿಬಿಟ್ಟಿದೆ. ಅಪ್ಪನಿದ್ದವರು ಒಮ್ಮೆ ಅಪ್ಪ, ಒಮ್ಮೆ ಅಮ್ಮ ಎಂದು ಹಂಚಿಕೊಂಡು ಬಳಸುತ್ತಾರೆ. ನನಗೆ ಅಪ್ಪನಿಲ್ಲ. ಎಲ್ಲ ಕಾಯಿಲೆಯನ್ನೂ ಅಮ್ಮನೊಬ್ಬಳೇ ಹೊರಬೇಕು.

ಕಳೆದ ವರ್ಷದಿಂದ ಕಥೆ ಇನ್ನೂ ಬಿಗಿಯಾಯಿತು. ಕಂಪನಿಯ ವೀಸಾದಲ್ಲಿರುವವರು ದೇಶದಿಂದ ಹೊರಗೆ ಕಾಲಿಡಬೇಕಾದರೆ ಮೊಬೈಲಿನ ಆಪ್‌ನಲ್ಲಿ ಅರ್ಜಿ ಹಾಕಬೇಕು, ಕಂಪನಿ ಒಪ್ಪಿಗೆ ಒತ್ತಬೇಕು, ಆಮೇಲೆ ವಿಮಾನ ನಿಲ್ದಾಣ. ಮೊದಲು ರಜೆ ಕೊಡದಿದ್ದರೂ, ಕೆಲಸ ಹೋದರೆ ಹೋಗಲಿ ಎಂದು ಹೊರಟುಬಿಡುತ್ತೇನೆ ಎಂಬ ಒಂದು ಹುಸಿ ಧೈರ್ಯವಾದರೂ ಇತ್ತು. ಈಗ ಅದೂ ಇಲ್ಲ. ಪಾಸ್‌ಪೋರ್ಟ್ ನನ್ನ ಕಪಾಟಿನಲ್ಲೇ ಇದೆ, ಬೀಗದ ಕೈಯೂ ನನ್ನದೇ. ಒಮ್ಮೊಮ್ಮೆ ಅದನ್ನು ತೆಗೆದು ಪುಟ ತಿರುವಿ ಮತ್ತೆ ಒಳಗಿಡುತ್ತೇನೆ. ಅದನ್ನು ನೋಡಿದಾಗೆಲ್ಲ ಸಿಟ್ಟು ಬರುತ್ತದೆ.

ಮಗಳು ಹನ್ನೆರಡನೆಯ ತರಗತಿ. ಇಲ್ಲಿಯೇ ಹುಟ್ಟಿ ಬೆಳೆದವಳು. ನಾವು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಜಾತಿ. ಏಳನೆಯ ತರಗತಿಯಿಂದ ಓಡುತ್ತಿದ್ದಾಳೆ. ಎರಡು ವರ್ಷದ ಹಿಂದೆ ಶಾಲೆಗೆ ಹೊಸ ಪಿ.ಟಿ. ಮೇಷ್ಟ್ರು ಬಂದು ಹುಡುಗಿಯರಿಗೆ ರಗ್ಬಿ ಲೀಗ್ ಕಲಿಸಲು ಹೊರಟಾಗ ಮೊದಲು ಹೆಸರು ಕೊಟ್ಟವಳು ಇವಳೇ. ಕುವೈತಿನ ಬೇಸಿಗೆಯಲ್ಲಿ ಹೊರಗೆ ಓಡುವುದೆಂದರೆ ಒಲೆಯ ಮೇಲೆ ಓಡಿದ ಹಾಗೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳ ಮೈದಾನ ನಮ್ಮ ಸಾಲ್ಮಿಯಾದ ಕಟ್ಟಡದ ಮೆಟ್ಟಿಲು. ನೆಲಮಾಳಿಗೆಯ ಪಾರ್ಕಿಂಗಿನಿಂದ ಹನ್ನೊಂದನೆಯ ಮಹಡಿ, ಮತ್ತೆ ಕೆಳಗೆ, ಮತ್ತೆ ಮೇಲೆ. ಕಟ್ಟಡ ಕಾಯುವ ಹಾರಿಸ್ ಎರಡು ಸಲ ದೂರು ತಂದ. ಮೂರನೆಯ ಸಲ ಅವನೇ ಸ್ಟಾಪ್‌ವಾಚ್ ಹಿಡಿದು ಕೂತಿದ್ದ.

ಇಷ್ಟೆಲ್ಲ ಇದ್ದೂ ನಾನು ಅವಳು ಓಡಿದ್ದನ್ನು ಒಮ್ಮೆಯೂ ನೋಡಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ. ಶಾಲೆಗಳ ಪಂದ್ಯ ಯಾವಾಗಲೂ ಶನಿವಾರ. ಶನಿವಾರ ಕುವೈತಿನ ಸಂಸಾರಗಳೆಲ್ಲ ಕಮೋಡು ಕೊಳ್ಳಲು ಬರುವ ದಿನ. ಜಾಬ್ರಿಯಾದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಹೆಂಡತಿ ಡ್ಯೂಟಿ ಅದಲುಬದಲು ಮಾಡಿಕೊಂಡು ಕೆಲವು ಸಲ ಹೋಗಿದ್ದಳು. ನನ್ನ ಪಾಲಿಗೆ ಬಂದದ್ದು ಅವಳು ಕಳಿಸಿದ ಇಪ್ಪತ್ತು ಸೆಕೆಂಡಿನ ವಿಡಿಯೊಗಳು. ವಾಶ್‌ಬೇಸಿನ್‌ಗಳ ಸಾಲಿನ ಹಿಂದೆ ನಿಂತು ಶಬ್ದ ಇಲ್ಲದೆ ನೋಡಿದವು. ಅವುಗಳಲ್ಲಿ ಮಗಳು ಬೆರಳಿನ ಉಗುರಿನಷ್ಟು ಕಾಣುತ್ತಿದ್ದಳು.

ಈ ಸಲ ಪಂದ್ಯ ಬಹರೈನ್‌ನಲ್ಲಿತ್ತು. ಕೊಲ್ಲಿಯ ಶಾಲೆಗಳದ್ದು. ಶುಕ್ರವಾರ ಓಟ, ಶನಿವಾರ ರಗ್ಬಿ. ಮಗಳು ಸಾವಿರದೈನೂರು ಮೀಟರಿಗೂ ಆಯ್ಕೆಯಾಗಿದ್ದಳು, ರಗ್ಬಿ ತಂಡಕ್ಕೆ ನಾಯಕಿಯೂ ಆಗಿದ್ದಳು. ಹೆಂಡತಿಯ ರಜೆ ಮುಗಿದಿತ್ತು. ಒಂದು ದಿನ ಊಟಕ್ಕೆ ಕೂತಾಗ ಮಗಳು ತಟ್ಟೆಯಿಂದ ತಲೆ ಎತ್ತದೆ, "ಪಪ್ಪಾ, ದಿಸ್ ಈಸ್ ಮೈ ಲಾಸ್ಟ್ ಒನ್," ಎಂದಳು. ಪರೀಕ್ಷೆ ಮುಗಿದರೆ ಅವಳು ಕಾಲೇಜಿಗೆ ಊರಿಗೆ ಹೋಗುವವಳು. ಇಲ್ಲಿಯ ಮಕ್ಕಳೆಲ್ಲ ಹಾಗೆಯೇ. ಬಾ ಎಂದು ಅವಳು ಕರೆಯಲೂ ಇಲ್ಲ. ಅಷ್ಟೇ ಹೇಳಿ ಎದ್ದು ಕೈ ತೊಳೆದಳು.

"ಈ ಸಲ ನೀವು ಹೋಗ್ಲೇಬೇಕು," ಎಂದಳು ಹೆಂಡತಿ. "ಎಂತ ಬೇಕಾದ್ರೂ ಹೇಳಿ ಅವನಿಗೆ. ಆದ್ರೆ ಹೋಗಿ."

ಅವನು ಎಂದರೆ ನಮ್ಮ ಮುದೀರ್, ಶೋರೂಮಿನ ಮ್ಯಾನೇಜರ್. ಈಜಿಪ್ಟಿನವನು, ನನಗಿಂತ ಎರಡು ವರ್ಷ ದೊಡ್ಡವನು. ನಮ್ಮ ವೀಸಾದ ಒಡೆಯ ಕಫೀಲನನ್ನು ನಾನು ಇಷ್ಟು ವರ್ಷದಲ್ಲಿ ಎರಡು ಸಲ ನೋಡಿರಬೇಕು. ನಮ್ಮ ಪಾಲಿನ ಬಾಗಿಲು, ಚಿಲಕ ಎಲ್ಲ ಈ ಮುದೀರನೇ. ಮುಂದಿನ ವಾರ ಸ್ಟಾಕ್ ಎಣಿಕೆ ಇತ್ತು, ಯಾರಿಗೂ ರಜೆ ಇಲ್ಲ ಎಂದು ಗೋಡೆಗೆ ಚೀಟಿ ಅಂಟಿಸಿದ್ದ. ನಾನು ಅವನ ಕ್ಯಾಬಿನ್ನಿಗೆ ಹೋದಾಗ ನಿಜ ಹೇಳಬೇಕೆಂದೇ ಹೋಗಿದ್ದೆ. ದೇವರಾಣೆ. ಮಗಳು, ಓಟ, ಬಹರೈನ್ ಎಂದು ಮೂರು ಮಾತು ಜೋಡಿಸಿಕೊಂಡಿದ್ದೆ. ಅವನು ತಲೆ ಎತ್ತಿ, "ಏನು?" ಎಂದ. ನನ್ನ ಬಾಯಿ ತಾನಾಗಿ, "ಸರ್, ಮದರ್ ಸೀರಿಯಸ್," ಎಂದಿತು.

ಅವನು ಪೆನ್ನು ಕೆಳಗಿಟ್ಟ. ಅರಬ್ಬಿ, ಹಿಂದಿ, ಇಂಗ್ಲಿಷ್ ಬೆರೆತ ನಮ್ಮ ಭಾಷೆಯಲ್ಲಿ ಕೇಳಿದ.

"ಮತ್ತೆಯಾ?"

"ಈ ಸಲ ಕಿಡ್ನಿ ಸರ್."

"ಒಂದು ವಾರ ಹೋಗಿ ಬಾ. ಎಣಿಕೆ ನಾವು ನೋಡಿಕೊಳ್ತೇವೆ."

"ಬೇಡ ಸರ್. ಮೂರು ದಿನ ಸಾಕು."

"ಮೂರು ದಿನಕ್ಕೆ ಕಿಡ್ನಿ ಸರಿಯಾಗ್ತದಾ?" ಅವನು ನನ್ನ ಮುಖವನ್ನೇ ನೋಡಿದ. ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಅವನು ಎದ್ದು ಬಂದು ನನ್ನ ಭುಜದ ಮೇಲೆ ಕೈ ಇಟ್ಟ. ಬುಧವಾರ ಮಧ್ಯಾಹ್ನ ಆಪ್‌ನಲ್ಲಿ ಒಪ್ಪಿಗೆ ಬಂತು. ಗುರುವಾರ ಅವನು ತನ್ನ ಮನೆಯಿಂದ ಒಂದು ದೊಡ್ಡ ಬಾಟಲಿ ಜೇನು ತಂದುಕೊಟ್ಟ, ಯೆಮನ್‌ನಿಂದ ತರಿಸಿದ್ದಂತೆ. "ನಿನ್ನ ತಾಯಿಗೆ. ದಿನಾ ಒಂದು ಚಮಚ, ಬಿಸಿನೀರಿನಲ್ಲಿ." ಆ ಬಾಟಲಿಯನ್ನು ಎದೆಗವಚಿಕೊಂಡು ಹೊರಗೆ ಬಂದಾಗ ನನ್ನ ಮೇಲೆ ನನಗೇ ಅಸಹ್ಯವಾಯಿತು. ಹಾಗಂತ ತಿರುಗಿ ಹೋಗಿ ನಿಜ ಹೇಳಿದೆನಾ? ಇಲ್ಲ. ಒಪ್ಪಿಗೆ ಬಂದಿತ್ತಲ್ಲ.

ಮಗಳು ತಂಡದ ಜೊತೆ ಮೊದಲೇ ಹೋಗಿದ್ದಳು. ನಾನು ಶುಕ್ರವಾರ ಬೆಳಿಗ್ಗೆ ಇಳಿದೆ. ಪೆಟ್ಟಿಗೆಯಲ್ಲಿ ಎರಡು ಅಂಗಿ, ಒಂದು ಬಾಟಲಿ ಜೇನು.

ಸಾವಿರದೈನೂರು ಮೀಟರ್ ಎಂದರೆ ಮೂರು ಸುತ್ತು ಮತ್ತು ಮುಕ್ಕಾಲು. ಇದು ನನಗೆ ಅಂದೇ ಗೊತ್ತಾದದ್ದು. ಮೊದಲ ಎರಡು ಸುತ್ತು ಅವಳು ಐದನೆಯವಳಾಗಿದ್ದಳು, ನಾನು ಹೋಯಿತು ಎಂದುಕೊಂಡೆ. ಪಕ್ಕದಲ್ಲಿದ್ದ ಯಾರದೋ ತಾಯಿ, "ಅವಳು ಯಾವಾಗಲೂ ಹೀಗೆಯೇ, ನೋಡ್ತಾ ಇರಿ," ಎಂದರು. ನನ್ನ ಮಗಳು ಯಾವಾಗಲೂ ಹೇಗೆ ಎಂಬುದನ್ನು ಬೇರೆಯವರು ನನಗೆ ಹೇಳಬೇಕಾಯಿತು. ಕೊನೆಯ ಸುತ್ತಿನಲ್ಲಿ ಅವಳು ಒಬ್ಬೊಬ್ಬರನ್ನೇ ದಾಟಿದಳು. ಮುಖದಲ್ಲಿ ಯಾವ ಅವಸರವೂ ಇರಲಿಲ್ಲ, ಗಲ್ಲ ಸ್ವಲ್ಪ ಮೇಲೆತ್ತಿ ಓಡುತ್ತಿದ್ದಳು. ಅದು ಥೇಟ್ ನನ್ನ ಅಮ್ಮನ ಗಲ್ಲ. ಅವಳು ಮೊದಲಿಗಳಾಗಿ ಗೆರೆ ದಾಟಿದಾಗ ನಾನು ಬೇಲಿಗೆ ಕೈಯೂರಿ ನಿಂತು ತುಳುವಿನಲ್ಲಿ ಏನೇನೋ ಕಿರುಚುತ್ತಿದ್ದೆ. ಅಷ್ಟು ಸಂತೋಷ ನನಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ.

ಅಷ್ಟರಲ್ಲಿ ಪಕ್ಕದಲ್ಲಿ ಒಬ್ಬರು ಫೋನ್ ಎತ್ತಿ ವಿಡಿಯೊ ತೆಗೆಯುತ್ತಿರುವುದು ಕಣ್ಣಿಗೆ ಬಿತ್ತು. "ಇದು ಈಗಲೇ ನಮ್ಮ ಕರಾವಳಿಯವರ ಗುಂಪಿಗೆ ಹೋಗ್ತದೆ, ಕುವೈತಿನವರೆಲ್ಲ ನೋಡಲಿ," ಎಂದರು ಅವರು ಖುಷಿಯಿಂದ. ಆ ವಾಟ್ಸಾಪ್ ಗುಂಪಿನಲ್ಲಿ ನಮ್ಮ ಗೋಡೌನಿನ ಭಾಯಿ ಇದ್ದಾನೆ, ಬಂಟ್ವಾಳ ಕಡೆಯ ಬ್ಯಾರಿ. ಅವನ ಫೋನಿಗೆ ಬಂದದ್ದು ಮಧ್ಯಾಹ್ನದೊಳಗೆ ಶೋರೂಮಿನ ಎಲ್ಲರ ಕಣ್ಣಿಗೂ ಬೀಳುತ್ತದೆ, ಮುದೀರನ ಕಣ್ಣಿಗೂ. ಆ ಹೊತ್ತಿಗೆ ನಾನು ಉಡುಪಿಯ ಆಸ್ಪತ್ರೆಯ ಬೆಂಚಿನ ಮೇಲೆ ತಲೆ ಹಿಡಿದು ಕೂತಿರಬೇಕಾದವನು. ಟೊಪ್ಪಿ ಕೆಳಗೆಳೆದುಕೊಂಡು ಹಿಂದೆ ಸರಿದೆ. ಮಗಳು ಪದಕ ಕೊರಳಿಗೆ ಹಾಕಿಕೊಂಡು ಬಂದಾಗ ಕೈ ಕುಲುಕಿದೆ, ತಬ್ಬಿಕೊಳ್ಳಲಿಲ್ಲ. ಸುತ್ತ ಅಷ್ಟು ಫೋನುಗಳಿದ್ದವು.

ಕುವೈತಿನಿಂದ ಹೊರಗೆ ಬಂದಿದ್ದೆ, ನಿಜ. ಆದರೆ ಚಿಲಕ ನನ್ನ ಜೊತೆಗೇ ವಿಮಾನ ಹತ್ತಿತ್ತು. ಅಂದು ಸಂಜೆಯಿಂದ ನಾನು ಜನ ಕಂಡ ಕಡೆಯೆಲ್ಲ ಮೊದಲು ಅವರ ಕೈಯಲ್ಲಿ ಏನಿದೆ ಎಂದು ನೋಡಲು ಶುರು ಮಾಡಿದೆ.

ಮರುದಿನ ರಗ್ಬಿ. ಬೆಳಗ್ಗೆ ಹುಡುಗಿಯರಿಗೆ ತಿನ್ನಲು ಕುಬ್ಬೂಸ್ ರೊಟ್ಟಿ ಮಾತ್ರ ಇತ್ತು. ಶಕ್ತಿಗೆ ಏನಾದರೂ ಸಿಹಿ ಇದ್ದರೆ ಚೆನ್ನಾಗಿತ್ತು ಎಂದರು ಪಿ.ಟಿ. ಮೇಷ್ಟ್ರು. ನನ್ನ ಹತ್ತಿರ ಇದ್ದ ಸಿಹಿ ಒಂದೇ. ತಂದು ಮುಚ್ಚಳ ತೆಗೆದುಕೊಟ್ಟೆ. ಕಾಲು ಗಂಟೆಯಲ್ಲಿ ಬಾಟಲಿ ಖಾಲಿಯಾಯಿತು.

ರಗ್ಬಿ ಲೀಗ್ ನನಗೆ ಅರ್ಥವಾದದ್ದು ಇಷ್ಟು. ಒಂದೊಂದು ಕಡೆ ಒಂಬತ್ತು ಹುಡುಗಿಯರು. ಮೊಟ್ಟೆಯಂಥ ಚೆಂಡನ್ನು ಅವಚಿಕೊಂಡು ಮುಂದೆ ನುಗ್ಗಬೇಕು, ಕೈಯಿಂದ ದಾಟಿಸುವುದಾದರೆ ಹಿಂದಿದ್ದವರಿಗೇ ಕೊಡಬೇಕು. ಆರು ಸಲ ಕೆಡವಿಸಿಕೊಂಡರೆ ಚೆಂಡು ಎದುರಾಳಿಗೆ. ಅದಕ್ಕೆ ಮೊದಲು ಕೊನೆಯ ಗೆರೆಯಾಚೆ ಚೆಂಡನ್ನು ನೆಲಕ್ಕೊತ್ತಿದರೆ ಅಂಕ. ಫೈನಲ್ಲಿನಲ್ಲಿ ನನ್ನ ಮಗಳನ್ನು ಎಷ್ಟು ಸಲ ಕೆಡವಿದರೋ ಲೆಕ್ಕವಿಲ್ಲ. ಪ್ರತಿ ಸಲ ಬಿದ್ದಾಗ ನಾನು ಬೇಲಿಯತ್ತ ಒಂದು ಹೆಜ್ಜೆ ಇಡುತ್ತಿದ್ದೆ. ಅವಳು ಎದ್ದು ಚಡ್ಡಿಯ ಮಣ್ಣು ಕೂಡ ಕೊಡವದೆ ಮತ್ತೆ ನಿಲ್ಲುತ್ತಿದ್ದಳು. ಕೊನೆಯ ನಿಮಿಷಗಳಲ್ಲಿ ಇಬ್ಬರನ್ನು ಬೆನ್ನ ಮೇಲೆ ಹೊತ್ತುಕೊಂಡೇ ಗೆರೆಯಾಚೆ ಬಿದ್ದಳು, ಚೆಂಡು ಅವಳ ಹೊಟ್ಟೆಯಡಿ ಇತ್ತು. ಅವರ ಶಾಲೆ ಗೆದ್ದಿತು.

ಆಮೇಲೆ ಮೈಕಿನಲ್ಲಿ ಕರೆದರು. ಎರಡು ಆಟದಲ್ಲೂ ಗೆದ್ದ ಹುಡುಗಿ, ಅವಳ ಜೊತೆ ಅವಳ ತಂದೆಯೂ ವೇದಿಕೆಗೆ ಬರಬೇಕು, ಕುವೈತಿನಿಂದ ಬಂದಿದ್ದಾರೆ, ಒಂದು ಫೋಟೊ. ನಾನು ಆಗಲೇ ನಡೆಯಲು ಶುರು ಮಾಡಿದ್ದೆ. ವೇದಿಕೆಯ ಕಡೆಗಲ್ಲ. ಕುಡಿಯುವ ನೀರಿನ ಟ್ಯಾಂಕಿನ ಹಿಂದಕ್ಕೆ. ಹೆಸರು ಮೂರು ಸಲ ಕೂಗಿದರು. ಟ್ಯಾಂಕಿನ ಮತ್ತು ಗೋಡೆಯ ನಡುವಿನ ಸಂದಿನಿಂದ ನನಗೆ ಮಗಳು ಕಾಣುತ್ತಿದ್ದಳು. ಅವಳು ಗುರಾಣಿಯಂಥ ಆ ದೊಡ್ಡ ಬಹುಮಾನವನ್ನು ಎರಡು ಕೈಯಲ್ಲಿ ಹಿಡಿದು ಮೈದಾನದ ಸುತ್ತ ನೋಡಿದಳು, ಮೊದಲು ಬಲಕ್ಕೆ, ಆಮೇಲೆ ಎಡಕ್ಕೆ. ಕೊನೆಗೆ ಅವಳ ಗೆಳತಿಯೊಬ್ಬಳ ಅಪ್ಪ ಮೆಟ್ಟಿಲು ಹತ್ತಿ ಪಕ್ಕದಲ್ಲಿ ನಿಂತರು. ಅವರ ಕಡೆ ತಿರುಗಿ ಅವಳು ನಕ್ಕಳು. ಆ ನಗುವನ್ನು ನೋಡಿ ನನಗೆ ಅಳು ಬಂತು. ನಲವತ್ತೇಳು ವರ್ಷದ ಗಂಡಸು, ನೀರಿನ ಟ್ಯಾಂಕಿನ ಹಿಂದೆ.

ವಿಮಾನ ನಿಲ್ದಾಣದಲ್ಲಿ ಪಕ್ಕಪಕ್ಕದ ಕುರ್ಚಿಯಲ್ಲಿ ಕೂತಾಗ ಎಲ್ಲವನ್ನೂ ಹೇಳಿದೆ.

"ಅಜ್ಜಿ ಇನ್ ಐಸಿಯು? ಫಾರ್ ಮೈ ಮ್ಯಾಚ್?"

"ಬೇರೆ ದಾರಿ ಇರ್ಲಿಲ್ಲ ಮಗಾ."

"ಡಿಡ್ ಯು ಆಸ್ಕ್ ಹಿಮ್?"

ಕೇಳಿದ್ದೆನಾ? ಕೇಳಿರಲಿಲ್ಲ. ಅವಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಖ ತಿರುಗಿಸಿದಳು.

ಸೋಮವಾರ ಶೋರೂಮಿನಲ್ಲಿ ಎಲ್ಲರೂ ನನ್ನನ್ನು ಸುತ್ತಿಕೊಂಡರು. ಅಮ್ಮ ಹೇಗಿದ್ದಾರೆ, ನೀನು ಸೊರಗಿದ್ದೀ, ಊಟ ಮಾಡು. ಗೋಡೌನಿನ ಭಾಯಿ ನನ್ನ ಮಗಳ ಫೋಟೊ ತೋರಿಸಿ, "ಪಾಪ, ಇಂಥಾ ದಿನ ಅಪ್ಪನಿಗೆ ಇರ್ಲಿಕ್ಕೆ ಆಗ್ಲಿಲ್ಲ ನೋಡಿ," ಎಂದು ಎಲ್ಲರಿಗೂ ಕೇಳುವಂತೆ ನಿಟ್ಟುಸಿರು ಬಿಟ್ಟ. ಹತ್ತು ಗಂಟೆಗೆ ಅಮ್ಮನ ಫೋನ್. ಅವಳಿಗೂ ಫೋಟೊ ಹೋಗಿತ್ತು. "ಮಗುವಿನ ಹತ್ರ ನಿಂತದ್ದು ಯಾರಾ? ನೀನು ಹೋಗಿದ್ದೀ ಅಂತ ಹೇಳಿದಳಲ್ಲ ನಿನ್ನ ಹೆಂಡತಿ. ನೀನೆಲ್ಲಿ?" ಎಂದು ಗಟ್ಟಿಯಾಗಿ ಕೇಳಿದಳು. ಕಿಡ್ನಿ ಹೋದವಳ ಧ್ವನಿ ಯಾರಿಗಾದರೂ ಕೇಳೀತೆಂದು ನಾನು ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಅವಳಿಗೆ ಏನು ಹೇಳಿದೆನೋ ನೆನಪಿಲ್ಲ.

ಮಂಗಳವಾರ ಹೆಂಡತಿ ಹೇಳಿದಳು. ಗುರುವಾರ ಬೆಳಗ್ಗೆ ಶಾಲೆಯಲ್ಲಿ ಗೆದ್ದ ಮಕ್ಕಳಿಗೆ ಸನ್ಮಾನ ಉಂಟು, ಅಪ್ಪ ಅಮ್ಮ ಇಬ್ಬರನ್ನೂ ಕರೆದಿದ್ದಾರೆ, ತಾನು ಡ್ಯೂಟಿ ಬದಲಿಸಿಕೊಂಡಾಗಿದೆ. ಮಗಳು ನನಗೆ ಹೇಳಿರಲಿಲ್ಲ. ಅವಳ ಕೋಣೆಯ ಬಾಗಿಲಲ್ಲಿ ನಿಂತು, "ನಂಗೆ ಯಾಕೆ ಹೇಳ್ಲಿಲ್ಲ?" ಎಂದೆ.

ಅವಳು ಪುಸ್ತಕದಿಂದ ಕಣ್ಣು ಎತ್ತಿದಳು. ಅಪರೂಪಕ್ಕೆ ಕನ್ನಡದಲ್ಲಿ ಕೇಳಿದಳು. "ಈ ಸಲ ಯಾರನ್ನ ಸೀರಿಯಸ್ ಮಾಡ್ತೀರಿ ಪಪ್ಪಾ?"

ಅವಳು ಕೊಂಕು ಆಡಿದ್ದಲ್ಲ, ನಿಜವಾಗಿಯೇ ಕೇಳಿದ್ದಳು.

ಬುಧವಾರ ಎಣಿಕೆಯ ಕೊನೆಯ ದಿನ. ಮುದೀರ್ ಕ್ಯಾಬಿನ್ನಿನಲ್ಲಿರಲಿಲ್ಲ, ಪಟ್ಟಿ ಹಿಡಿದು ವಾಶ್‌ಬೇಸಿನ್‌ಗಳ ಸಾಲಿನಲ್ಲಿ ನಿಂತಿದ್ದ, ಸುತ್ತ ಹತ್ತು ಹದಿನೈದು ಜನ. ಒಬ್ಬನೇ ಸಿಗುವವರೆಗೆ ಕಾದರೆ ನನ್ನ ನಾಲಗೆ ಮತ್ತೆ ಹಳೆಯ ಜಾಡಿಗೇ ಬೀಳುತ್ತದೆ ಎಂದು ಗೊತ್ತಿತ್ತು. ಅಲ್ಲಿಗೇ ಹೋಗಿ ಹೇಳಿದೆ.

"ಸರ್, ನನ್ನ ತಾಯಿ ಚೆನ್ನಾಗಿದ್ದಾರೆ. ಯಾವತ್ತೂ ಸೀರಿಯಸ್ ಆಗಿರಲಿಲ್ಲ. ನಾನು ಹೋದದ್ದು ಬಹರೈನ್‌ಗೆ. ನನ್ನ ಮಗಳು ಸಾವಿರದೈನೂರು ಮೀಟರಿನಲ್ಲಿ ಮೊದಲು ಬಂದಳು. ರಗ್ಬಿಯಲ್ಲಿ ಅವಳೇ ನಾಯಕಿ, ಅವರ ಶಾಲೆ ಗೆದ್ದಿತು. ನಾಳೆ ಅವಳಿಗೆ ಸನ್ಮಾನ. ನನಗೆ ಎರಡು ಗಂಟೆ ಬೇಕು."

ಎಣಿಸುತ್ತಿದ್ದವರ ಕೈ ನಿಂತಿತು. ಮುದೀರ್ ಪಟ್ಟಿಯನ್ನು ಕೆಳಗಿಳಿಸಿದ.

"ಜೇನು?" ಎಂದ ಆಮೇಲೆ.

"ಮಕ್ಕಳು ತಿಂದರು ಸರ್. ಫೈನಲ್ಲಿಗೆ ಮೊದಲು, ಕುಬ್ಬೂಸ್ ಜೊತೆ."

ಅವನ ಮುಖದಲ್ಲಿ ಏನೋ ಬಂದು ಹೋಯಿತು. ನಗುವೂ ಇರಬಹುದು, ಸಿಟ್ಟೂ ಇರಬಹುದು. "ಮೊದಲೇ ಹೇಳಬೇಕಿತ್ತು," ಎಂದ. "ನಾಳೆ ಮಾಫಿ, ರಜೆ ಇಲ್ಲ. ನಾಳೆ ನೀನು ಗೋಡೌನಿನಲ್ಲಿ. ಖಲಾಸ್." ಮತ್ತೆ ಪಟ್ಟಿಗೆ ಕಣ್ಣು ಹಾಕಿದ. ಮೊದಲೇ ಹೇಳಿದ್ದರೆ ಕೊಡುತ್ತಿದ್ದನೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. ಕೊಡುತ್ತಿದ್ದ ಎಂದುಕೊಂಡರೆ ಹೊಟ್ಟೆ ಉರಿಯುತ್ತದೆ, ಇಲ್ಲ ಎಂದುಕೊಂಡರೆ ಸ್ವಲ್ಪ ಸಮಾಧಾನ.

ಸಿಟ್ಟಾದವರು ಉಳಿದವರು. "ಎಂತ ಕೆಲ್ಸ ಮಾಡಿದೆ ಮಾರಾಯ!" ಎಂದ ಗೋಡೌನಿನ ಭಾಯಿ, ನನ್ನನ್ನು ಪೆಟ್ಟಿಗೆಗಳ ಹಿಂದೆ ಎಳೆದುಕೊಂಡು ಹೋಗಿ. "ಇನ್ನು ನಮ್ಮ ಅಮ್ಮಂದಿರನ್ನ ಇವ ನಂಬ್ತಾನಾ? ಮುಂದಿನ ತಿಂಗಳು ನಂಗೆ ಅಣ್ಣನ ಮಗಳ ಮದುವೆ ಉಂಟು. ಇದ್ದ ಒಂದು ಬಾಗಿಲನ್ನೂ ನೀನು ಮುಚ್ಚಿದೆ." ಅವನು ಹೇಳಿದ್ದು ಸರಿ. ನಿಜ ಹೇಳಿದ ಮೇಲೆ ಮೈ ಹಗುರಾಗುತ್ತದೆ ಎನ್ನುತ್ತಾರಲ್ಲ, ನನಗೆ ಹಾಗೇನೂ ಆಗಲಿಲ್ಲ. ಹೊರಗೆ ಹೋಗುವ ದಾರಿ ಮೊದಲಿಗಿಂತ ಸಣ್ಣದಾಗಿತ್ತು, ಈಗ ಮೂವತ್ತು ಜನರಿಗೂ.

ಸಂಜೆ ಮನೆಗೆ ಬಂದಾಗ ಮಗಳು ಮೆಟ್ಟಿಲು ಓಡಿ ಮುಗಿಸಿ ಬಾಗಿಲಿನ ಹತ್ತಿರ ಶೂ ಬಿಚ್ಚುತ್ತಿದ್ದಳು. ನಾನು ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ.

"ಕೇಳಿದೆ," ಎಂದೆ. "ನಿಜ ಹೇಳಿಯೇ ಕೇಳಿದೆ. ಕೊಡ್ಲಿಲ್ಲ."

ಅವಳು ಶೂವಿನ ದಾರ ಬಿಟ್ಟಳು. "ವಾಟ್ ಡಿಡ್ ಯು ಸೇ?"

ಹೇಳಿದೆ. ಸಾವಿರದೈನೂರು ಮೀಟರ್, ಮೊದಲು. ರಗ್ಬಿ, ನಾಯಕಿ. ನನ್ನ ಮಗಳು.

"ಎಲ್ಲರ ಎದುರಾ?"

"ಎಲ್ಲರ ಎದುರು. ಗೋಡೌನಿನವರೂ ಇದ್ರು."

ಅವಳು ಒಂದು ಕಾಲಲ್ಲಿ ಶೂ, ಒಂದು ಕಾಲಲ್ಲಿ ಬರೀ ಕಾಲುಚೀಲ ಹಾಕಿಕೊಂಡೇ ಎದ್ದು ಕೋಣೆಗೆ ಹೋದಳು. ಶಾಲೆಯ ಬ್ಯಾಗಿನ ಜಿಪ್ ಎಳೆದ ಶಬ್ದ ಕೇಳಿಸಿತು. ಹೊರಗೆ ಬಂದು ಆಮಂತ್ರಣದ ಕಾರ್ಡನ್ನು ನನ್ನ ಕೈಗೆ ಕೊಟ್ಟಳು. ನಾಳೆ ಬೆಳಗ್ಗೆ ಒಂಬತ್ತೂವರೆ ಗಂಟೆಗೆ. ಮೇಲೆ ನನ್ನ ಹೆಸರನ್ನು ಅವಳೇ ಬರೆದಿದ್ದಳು, ತಾರೀಖು ನೋಡಿದರೆ ಸೋಮವಾರವೇ ಬರೆದಿಟ್ಟದ್ದು. ನಾನು ಬರಲಾರೆ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಆದರೂ ಅವಳು ಕೊಟ್ಟಳು, ನಾನು ಎರಡು ಕೈಯಲ್ಲಿ ತೆಗೆದುಕೊಂಡೆ.